ಟ್ರೇಯಲ್ಲಿ ಬೆಂದ ಬಾಂಬೆ ಸ್ಯಾಂಡ್‌ವಿಚ್

ಮುಂಬೈಯಲ್ಲಿ ನಾಲ್ಕು ದಿನ ಇದ್ದು ಬಂದವರೂ ಅಲ್ಲಿನ ರಸ್ತೆ ಬದಿಯ ಟೋಸ್ಟ್ ಸ್ಯಾಂಡ್‌ವಿಚ್ ಮರೆಯುವುದಿಲ್ಲ. ಎರಡು ಬ್ರೆಡ್ ಹೋಳುಗಳಿಗೆ ಬೆಣ್ಣೆ, ಅದರ ಮೇಲೆ ಖಾರವಾದ ಹಸಿರು ಚಟ್ನಿ, ನಡುವೆ ಬೆಂದ ಆಲೂಗಡ್ಡೆ, ಬೀಟ್‌ರೂಟ್, ಸೌತೆಕಾಯಿ, ಟೊಮೆಟೊ, ಈರುಳ್ಳಿಯ ಬಿಲ್ಲೆಗಳು, ಒಂದು ಚಿಟಿಕೆ ಮಸಾಲೆ. ಉದ್ದ ಹಿಡಿಯ ಟೋಸ್ಟರಿನಲ್ಲಿ ಒತ್ತಿ ಬೆಂಕಿಯ ಮೇಲೆ ತಿರುಗಿಸಿ, ಹೊರಮೈಗೆ ಮತ್ತೊಮ್ಮೆ ಬೆಣ್ಣೆ ಸವರಿ ಕತ್ತರಿಸಿ ಕೊಡುತ್ತಾರೆ. ಚೀಸ್ ಬೇಕೆಂದರೆ ಅದೂ ಧಾರಾಳ.

ನಮ್ಮ ಮನೆಯವರು ಹನ್ನೊಂದು ವರ್ಷ ಮುಂಬೈಯ ಫೋರ್ಟ್ ಭಾಗದಲ್ಲಿ ನೌಕರಿಯಲ್ಲಿದ್ದವರು. ಅವರ ಮಧ್ಯಾಹ್ನದ ಊಟ ಹೆಚ್ಚಾಗಿ ಇದೇ. ಎರಡು ವರ್ಷದ ಹಿಂದೆ ಅವರ ರಕ್ತದೊತ್ತಡ 160/100 ಬಂದಾಗ ವೈದ್ಯರು ಮಾತ್ರೆಯ ಜೊತೆಗೆ ಉಪ್ಪು, ಬೆಣ್ಣೆ ಕಡಿಮೆ ಮಾಡಲು ಹೇಳಿದರು. ನಾನು ಎಲ್ಲರಂತೆ ಅವರಿಗೊಂದು ಬೇರೆ ಪಾತ್ರೆ ಇಟ್ಟೆ. ಸಪ್ಪೆ ಸಾರು, ಸಪ್ಪೆ ಪಲ್ಯ. ಹದಿನೈದು ದಿನ ಸದ್ದಿಲ್ಲದೆ ಉಂಡರು. ಆಮೇಲೆ ಒಂದು ದಿನ ಬಟ್ಟೆ ಒಗೆಯುವಾಗ ಅಂಗಿಯ ಜೇಬಿನಲ್ಲಿ ಬೇಕರಿಯ ಕಾಗದ ಸಿಕ್ಕಿತು. ಕೇಳಿದ್ದಕ್ಕೆ, 'ಮಕ್ಕಳೆದುರು ರೋಗಿಯ ತಟ್ಟೆ ಇಟ್ಟುಕೊಂಡು ಕೂರುವುದು ನನ್ನಿಂದಾಗದು' ಎಂದರು. ತಪ್ಪು ನನ್ನದೂ ಇತ್ತು. ಮನೆಯವರೆಲ್ಲ ಒಂದೇ ಪಾತ್ರೆಯಿಂದ ತಿನ್ನುವಂಥದ್ದನ್ನು ಮಾಡಬೇಕಿತ್ತು.

ಅವರ ಸ್ಯಾಂಡ್‌ವಿಚ್‌ನ್ನೇ ಕ್ಯಾಸರೋಲ್ ಮಾಡಿದ್ದು ಹೀಗೆ. ಕ್ಯಾಸರೋಲ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಚಪಾತಿ ಬಿಸಿಯಾಗಿಡುವ ಪ್ಲಾಸ್ಟಿಕ್ ಡಬ್ಬಿ. ದಯವಿಟ್ಟು ಅದನ್ನು ಓವನ್‌ಗೆ ಇಡಬೇಡಿ! ಇಲ್ಲಿ ಆ ಮಾತಿಗೆ ಆಳವಾದ ಟ್ರೇಯಲ್ಲಿ ಪದರ ಪದರವಾಗಿ ಜೋಡಿಸಿ ಬೇಯಿಸಿ, ಅದರಿಂದಲೇ ಬಡಿಸುವ ಅಡುಗೆ ಎಂದರ್ಥ.

ಬೆಣ್ಣೆಯ ಲೆಕ್ಕ ನೋಡಿ. ಒಳಗೂ ಹೊರಗೂ ಸೇರಿ ಎರಡು ಟೇಬಲ್ ಚಮಚ ಬೆಣ್ಣೆ ಬಿದ್ದರೆ ಅದರಿಂದಲೇ 200 ಕ್ಯಾಲೊರಿ, ಸುಮಾರು 14 ಗ್ರಾಂ ಪರ್ಯಾಪ್ತ ಕೊಬ್ಬು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 22 ಗ್ರಾಂ. ಬ್ರೆಡ್ಡಿನ ಮೇಲೆ ಬೆಣ್ಣೆಗೆ ಎರಡು ಕೆಲಸ. ರುಚಿ ಕೊಡುವುದು, ತರಕಾರಿಯ ನೀರು ಬ್ರೆಡ್ಡಿಗೆ ಇಳಿಯದಂತೆ ತಡೆಯುವುದು. ಬೆಣ್ಣೆ ತೆಗೆದರೆ ಈ ಎರಡನೆಯದಕ್ಕೆ ಬೇರೆ ಉಪಾಯ ಬೇಕು.

ಮೊದಲ ಸಲ ನನಗದು ಹೊಳೆಯಲಿಲ್ಲ. ಸೌತೆಕಾಯಿಯನ್ನೂ ಒಳಗೆ ಜೋಡಿಸಿದ್ದರಿಂದ ಟ್ರೇಯ ತುಂಬ ನೀರು. ಅದಕ್ಕಿಂತ ದೊಡ್ಡ ತಪ್ಪು ಉಪ್ಪಿನದು. ಚಟ್ನಿಗೆ ಒಂದಿಷ್ಟು, ಮೊಸರಿಗೆ ಒಂದಿಷ್ಟು, ಮೇಲೆ ಚಾಟ್ ಮಸಾಲೆ. ಬೆಣ್ಣೆ ಬಿಟ್ಟೆನೆಂಬ ಹೆಮ್ಮೆಯಲ್ಲಿ ಬಿ.ಪಿ. ಇರುವವರಿಗೆ ಉಪ್ಪಿನಕಾಯಿಯಂಥದ್ದನ್ನೇ ಬಡಿಸಿದ್ದೆ. ಬ್ರೆಡ್ಡಿನಲ್ಲೂ ಚೀಸಿನಲ್ಲೂ ಉಪ್ಪು ಮೊದಲೇ ಇರುತ್ತದೆ. ಚಾಟ್ ಮಸಾಲೆಯಲ್ಲಿ ಕಪ್ಪು ಉಪ್ಪಿದೆ, ಅದೂ ಉಪ್ಪೇ. ಸೈಂಧವ ಲವಣಕ್ಕೂ ಇದೇ ಮಾತು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಮಟ್ಟಸವಾದ ಒಂದು ಟೀ ಚಮಚದೊಳಗೇ ಎಲ್ಲ ಉಪ್ಪೂ ಮುಗಿಯಬೇಕು.

ಈಗ ಮಾಡುವ ಕ್ರಮ. ನಾಲ್ಕು ಜನಕ್ಕೆ ಗೋಧಿ ಬ್ರೆಡ್ಡಿನ 8 ಹೋಳು ಸಾಕು. ಪೊಟ್ಟಣದ ಮೇಲಿನ ಪಟ್ಟಿಯಲ್ಲಿ ಮೊದಲ ಹೆಸರು ಮೈದಾ ಇದ್ದರೆ ಅದರಲ್ಲಿ ಗೋಧಿಗಿಂತ ಮೈದಾ ಹೆಚ್ಚು ಎಂದೇ ಅರ್ಥ, ಬಣ್ಣ ಕಂದಾಗಿದ್ದರೂ. ಹೋಳುಗಳನ್ನು ಬೆಣ್ಣೆ, ಎಣ್ಣೆ ಇಲ್ಲದೆ ಕಾವಲಿಯ ಮೇಲೆ ಗರಿಯಾಗುವಂತೆ ಸುಡಿ. ಬೆಣ್ಣೆಯ ಎರಡನೆಯ ಕೆಲಸ ಹೀಗೆ ಮುಗಿಯುತ್ತದೆ.

ಚಟ್ನಿಗೆ ಎರಡು ಹಿಡಿ ಕೊತ್ತಂಬರಿ, ಒಂದು ಹಿಡಿ ಪುದೀನ, ಮೂರು ಹಸಿಮೆಣಸು, ಶುಂಠಿ, ಜೀರಿಗೆ, ಎರಡು ಚಮಚ ಹುರಿಗಡಲೆ, ಒಂದು ನಿಂಬೆಹಣ್ಣಿನ ರಸ. ಉಪ್ಪು ಬೇಡ. ಗಟ್ಟಿಯಾಗಿ ರುಬ್ಬಿ. ನಿಂಬೆಯಲ್ಲಿ ಜಿಪುಣತನ ಮಾಡಬೇಡಿ, ಉಪ್ಪಿನ ಕೊರತೆಯನ್ನು ತುಂಬುವುದು ಅದೇ. ಚಾಟ್ ಮಸಾಲೆಗೆ ಬದಲು ಹುರಿದ ಜೀರಿಗೆ, ಸೋಂಪು, ಮೆಣಸು, ಚೂರು ದಾಲ್ಚಿನ್ನಿ ಪುಡಿ ಮಾಡಿಕೊಳ್ಳಿ.

ಒಂದು ಬಟ್ಟಲು ಗಟ್ಟಿ ಮೊಸರಿಗೆ ಅರ್ಧ ಬಟ್ಟಲು ಕಡಲೆ ಹಿಟ್ಟು, ಒಂದು ಬಟ್ಟಲು ನೀರು, ಚಿಟಿಕೆ ಅರಿಸಿನ ಹಾಕಿ ಗಂಟಿಲ್ಲದಂತೆ ಕಲಸಿ. ಎಂಟು ಅಂಗುಲ ಚೌಕದ ಟ್ರೇಗೆ ಒಂದು ಟೀ ಚಮಚ ಎಣ್ಣೆ ಸವರಿ ನಾಲ್ಕು ಹೋಳು ಹರಡಿ. ಚಟ್ನಿ ಬಳಿದು, ಬೆಂದ ಒಂದು ಆಲೂಗಡ್ಡೆ, ಒಂದು ಬೀಟ್‌ರೂಟ್, ಬೀಜದ ತಿರುಳು ತೆಗೆದ ಎರಡು ಟೊಮೆಟೊ, ಒಂದು ಈರುಳ್ಳಿ, ಇವನ್ನು ತೆಳ್ಳಗೆ ಹೆಚ್ಚಿ ಜೋಡಿಸಿ. ಮಸಾಲೆ ಉದುರಿಸಿ. ಉಳಿದ ಹೋಳುಗಳಿಗೂ ಚಟ್ನಿ ಬಳಿದು ಮುಚ್ಚಿ, ಮೊಸರಿನ ಮಿಶ್ರಣವನ್ನು ಎಲ್ಲ ಕಡೆ ಸುರಿದು ಕಾಲು ಗಂಟೆ ಬಿಡಿ. 180 ಡಿಗ್ರಿಗೆ ಕಾದ ಓವನ್‌ನಲ್ಲಿ ಫಾಯಿಲ್ ಮುಚ್ಚಿ 20 ನಿಮಿಷ ಬೇಯಿಸಿ. ಆಮೇಲೆ ತೆರೆದು, ಇನ್ನೊಂದು ಟೀ ಚಮಚ ಎಣ್ಣೆ ಸವರಿ, ತುರಿದ ಚೀಸ್ 40 ಗ್ರಾಂ ಮೇಲೆ ಮಾತ್ರ ಉದುರಿಸಿ ಮತ್ತೆ 15ರಿಂದ 20 ನಿಮಿಷ. ಚೀಸ್ ಒಳಗೆ ಹುದುಗಿದರೆ ಇಷ್ಟು ಸಾಲದು, ಮೇಲಿದ್ದರೆ ನಾಲಿಗೆಗೆ ಮೊದಲು ಸಿಗುವುದೇ ಅದು. ಹತ್ತು ನಿಮಿಷ ಆರಲು ಬಿಟ್ಟು ನಾಲ್ಕು ಭಾಗ ಮಾಡಿ. ಸೌತೆಕಾಯಿ ಹಸಿಯಾಗಿಯೇ ಪಕ್ಕದಲ್ಲಿರಲಿ.

ಓವನ್ ಇಲ್ಲದವರು ಕಾವಲಿಯ ಮೇಲೆ ದಪ್ಪ ತಳದ ಪಾತ್ರೆ ಇಟ್ಟು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಬಹುದು. ಮೇಲ್ಮೈ ಕೆಂಪಾಗುವುದಿಲ್ಲ, ರುಚಿಗೆ ಕೊರತೆಯಿಲ್ಲ.

ಒಂದು ಭಾಗದಲ್ಲಿ ಸುಮಾರು 340 ಕ್ಯಾಲೊರಿ, ಒಂದು ಗ್ರಾಂಗಿಂತ ತುಸು ಹೆಚ್ಚು ಉಪ್ಪು. ಇದು ತೂಕ ಇಳಿಸುವ ಮದ್ದಲ್ಲ. ಎರಡು ಭಾಗ ತಿಂದರೆ ಲೆಕ್ಕವೂ ಎರಡರಷ್ಟು. ಸಕ್ಕರೆ ಕಾಯಿಲೆ ಇರುವವರು ಆಲೂಗಡ್ಡೆಯ ಜಾಗಕ್ಕೆ ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು ಹಾಕಿ, ಜೊತೆಗೆ ದೊಡ್ಡ ಬಟ್ಟಲು ಕೋಸಂಬರಿ ಇಟ್ಟುಕೊಳ್ಳಲಿ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಬಿ.ಪಿ.ಯ ಕೆಲವು ಮಾತ್ರೆಗಳನ್ನು ಸೇವಿಸುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಊಟ ಹಗುರವಾಯಿತೆಂದು ಮಾತ್ರೆ ನಿಲ್ಲಿಸುವುದೂ ಸಲ್ಲ.

ನಮ್ಮ ಮನೆಯವರ ಮಾತ್ರೆ ನಡೆದೇ ಇದೆ. ಕೆಂಡದ ವಾಸನೆಯಿಲ್ಲ ಎಂಬ ದೂರು ಈಗಲೂ ಇದೆ. ಆದರೆ ಭಾನುವಾರ ಟ್ರೇಯ ಮೂಲೆಯ ಗರಿ ತುಂಡಿಗಾಗಿ ಅವರಿಗೂ ಮಗಳಿಗೂ ಜಗಳ.