ಹಳೆಯ ಜಾವಾ: ಇರುವುದೆಷ್ಟು, ಇರಬೇಕಾದದ್ದೆಷ್ಟು?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬೈಕುಗಳು ಹೊರಬರತೊಡಗಿದವು. ಎಪ್ಪತ್ತರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ತೀರಾ ಕೊನೆಗೆ ತಯಾರಾದ ಗಾಡಿಗೂ ಈಗ ಹತ್ತಿರಹತ್ತಿರ ಮೂವತ್ತು ವರ್ಷ. ಅಷ್ಟರಲ್ಲಿ ಅದು ನಾಲ್ಕೈದು ಮಾಲೀಕರನ್ನೂ ಹತ್ತಾರು ಮೆಕ್ಯಾನಿಕರನ್ನೂ ಕಂಡಿರುತ್ತದೆ. ಒಬ್ಬೊಬ್ಬರು ಬಿಚ್ಚಿದಾಗಲೂ ಏನೋ ಒಂದು ಮತ್ತೆ ಕೂರದೆ ಹೊರಗುಳಿದಿರುತ್ತದೆ. ಕೊಳ್ಳಲು ಹೋದ ನಾವು ಮಾತ್ರ ಕಣ್ಣೆದುರು ಇರುವುದನ್ನೇ ನೋಡಿ ಮರುಳಾಗುತ್ತೇವೆ. ಏನು ಇರಬೇಕಿತ್ತು, ಏನು ಇಲ್ಲ ಎಂದು ಹುಡುಕುವುದಿಲ್ಲ. ನಾವೂ ಮೊದಲ ಗಾಡಿಯನ್ನು ಹಾಗೇ ಕೊಂಡವರು. ಆಗ ನಂಬಿದ್ದ, ಈಗಲೂ ಗ್ಯಾರೇಜುಗಳಲ್ಲಿ ಕೇಳಿಬರುವ ಕೆಲವು ಮಾತುಗಳಿಗೆ ಇಲ್ಲಿ ಉತ್ತರ ಕೊಡುತ್ತಿದ್ದೇವೆ.

ಗೇರ್ ಲಿವರ್ ಇದೆ, ಕಿಕ್ಕರ್ ಇಲ್ಲ. ಯಾರೋ ಬಿಚ್ಚಿಕೊಂಡಿದ್ದಾರೆ ಎಂಬ ಅನುಮಾನ.

ವಾಸ್ತವ: ಕಿಕ್ಕರ್ ಅಲ್ಲೇ ಇದೆ. ಜಾವಾ, ಯೆಜ್ಡಿಗಳಲ್ಲಿ ಎಡಗಡೆಯ ಒಂದೇ ಲಿವರ್ ಎರಡೂ ಕೆಲಸ ಮಾಡುತ್ತದೆ. ಅದನ್ನು ಎಂಜಿನ್ ಕಡೆಗೆ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಗಾಡಿ ಶುರುವಾದ ಮೇಲೆ ಮರಳಿ ಮಲಗಿಸಿದರೆ ಗೇರ್. ಹೊಸಬರು ಇಲ್ಲವೆಂದುಕೊಂಡ ಕಿಕ್ಕರಿಗಾಗಿ ಬೆಲೆ ಇಳಿಸಲು ಹೊರಡುತ್ತಾರೆ, ನಿಜವಾಗಿ ಇಲ್ಲದಿರುವ ವಸ್ತು ಕಣ್ಣಿಗೆ ಬೀಳುವುದೇ ಇಲ್ಲ. ಇಲ್ಲಿ ನೋಡಬೇಕಾದದ್ದು ಬೇರೆ. ಲಿವರನ್ನು ಕಡಿದು ಬೆಸುಗೆ ಹಾಕಿದ್ದಾರೆಯೇ? ಒದ್ದಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತರುತ್ತದೆಯೇ? ಇನ್ನೊಂದು ಪರೀಕ್ಷೆಯೂ ಇದೆ. ಈ ಗಾಡಿಗಳಲ್ಲಿ ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುತ್ತದೆ, ಕೈಯಲ್ಲಿ ಕ್ಲಚ್ ಹಿಡಿಯದಿದ್ದರೂ. ಹಾಗೆ ಬಿಡದಿದ್ದರೆ ಒಳಗಿನ ಹೊಂದಾಣಿಕೆ ತಪ್ಪಿರಬೇಕು, ಇಲ್ಲವೇ ಸಣ್ಣದೊಂದು ಭಾಗ ಮಾಯವಾಗಿರಬೇಕು. ಹೊರಗಿನಿಂದ ಎಷ್ಟು ನೋಡಿದರೂ ಇದು ಕಾಣುವುದಿಲ್ಲ.

ಒಂದು ಸಿಲಿಂಡರಿನ ಗಾಡಿಗೆ ಒಂದೇ ಸೈಲೆನ್ಸರ್ ಸಾಕು, ಎರಡನೆಯದು ಬರೀ ಶೋಕಿಗೆ.

ವಾಸ್ತವ: ಜಾವಾದ 250 ಸಿಸಿ ಎಂಜಿನ್‌ಗೆ ಸಿಲಿಂಡರ್ ಒಂದೇ. ಆದರೆ ಸುಟ್ಟ ಗಾಳಿ ಹೊರಬರುವ ಬಾಯಿ ಎರಡು. ಎರಡು ಬಾಯಿಗೆ ಎರಡು ಬೆಂಡ್ ಪೈಪು, ಎರಡು ಸೈಲೆನ್ಸರ್. ಇದು ಅಲಂಕಾರವಲ್ಲ, ಎಂಜಿನ್ನಿನ ರಚನೆಯೇ ಹಾಗಿದೆ. ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆಯ ಸೈಲೆನ್ಸರ್ ಹಾಕಿದ ಗಾಡಿಗಳು ಎಷ್ಟೋ ಇವೆ. ಹಿಂದೆ ಹತ್ತು ಹೆಜ್ಜೆ ದೂರ ನಿಂತು ನೋಡಿದರೆ ಉದ್ದ, ಎತ್ತರ ಹೊಂದದಿರುವುದು ತಿಳಿಯುತ್ತದೆ.

ಇನ್ನು ಸೈಲೆನ್ಸರ್ ಒಳಗಿನ ಬ್ಯಾಫಲ್. ಸದ್ದು ಜೋರಾಗಲಿ ಎಂದು ಹುಡುಗರು ಅದನ್ನು ಎಳೆದು ಬಿಸಾಡುತ್ತಾರೆ. ಅದಿಲ್ಲದಿದ್ದರೆ ಎಂಜಿನ್‌ಗೆ ಬಲ ಬರುತ್ತದೆ ಎಂಬ ನಂಬಿಕೆಯೂ ಬಲವಾಗಿಯೇ ಇದೆ. ಎರಡು ಸ್ಟ್ರೋಕಿನ ಎಂಜಿನ್‌ನಲ್ಲಿ ಹೊರಹೋಗುವ ಗಾಳಿಯ ಒತ್ತಡವನ್ನು ಸೈಲೆನ್ಸರ್ ಹಿಡಿತದಲ್ಲಿಡಬೇಕು. ಆ ಹಿಡಿತ ತಪ್ಪಿದರೆ ಸುಡದ ಪೆಟ್ರೋಲು ಹೊಗೆಯ ಜೊತೆಗೇ ಹೊರಟುಹೋಗುತ್ತದೆ. ಸದ್ದು ಹೆಚ್ಚಿತು ಎಂದರೆ ಬಲ ಹೆಚ್ಚಿತು ಎಂದಲ್ಲ. ಟಾರ್ಚು ಹಿಡಿದು ಸೈಲೆನ್ಸರಿನ ಹಿಂತುದಿಯಲ್ಲಿ ಇಣುಕಿದರೆ ಬ್ಯಾಫಲ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಹೊಸ ಪೇಂಟು, ಹೊಳೆಯುವ ಕ್ರೋಮ್, ಹೊಸ ಸೀಟು: ಅಂದಮೇಲೆ ಗಾಡಿ ಪೂರ್ತಿ ರೆಡಿ.

ವಾಸ್ತವ: ನಾವು ಅತಿ ಹೆಚ್ಚು ಮೋಸ ಹೋದದ್ದು ಇಲ್ಲೇ. ಪೇಂಟು ಗಾಡಿಯನ್ನು ಚೆಂದ ಮಾಡುವುದರ ಜೊತೆಗೆ ಅದರ ಚರಿತ್ರೆಯನ್ನೂ ಮುಚ್ಚಿಹಾಕುತ್ತದೆ. ಪೇಂಟಿಗೆ ಕೊಡುವ ಮೊದಲು ಗಾಡಿಯನ್ನು ಪೂರ್ತಿ ಬಿಚ್ಚಬೇಕು. ಮರಳಿ ಕೂರಿಸುವಾಗ ಕ್ಲಿಪ್ಪು, ರಬ್ಬರ್ ಬುಷ್, ವಾಷರ್, ಬ್ರಾಕೆಟ್ ಕಳೆದುಹೋಗಿರುತ್ತವೆ. ಭಾಗವಿಲ್ಲದ ಕಡೆಯ ತೂತುಗಳಿಗೆ ಪುಟ್ಟಿ ತುಂಬಿ ಉಜ್ಜಿ ಬಣ್ಣ ಹೊಡೆದರೆ ಇಲ್ಲದ್ದು ಇಲ್ಲವೆಂದು ಹೇಳಲು ಸಾಕ್ಷಿಯೇ ಉಳಿಯುವುದಿಲ್ಲ. ತುಕ್ಕು ಹಿಡಿದ ಗಾಡಿ ಹೀಗೆ ಸುಳ್ಳು ಹೇಳಲಾರದು. ಟ್ಯಾಂಕಿನ ಪಕ್ಕದ ಮಂಡಿ ರಬ್ಬರ್ ಹೋಗಿದ್ದರೆ ಅದರ ಅಚ್ಚು ಅಲ್ಲೇ ಉಳಿದಿರುತ್ತದೆ. ಲೋಹದ ಹೆಸರುಪಟ್ಟಿ ಹೋಗಿದ್ದರೆ ಅದನ್ನು ಕೂರಿಸಿದ್ದ ತೂತು ಬಾಯಿ ತೆರೆದುಕೊಂಡಿರುತ್ತದೆ.

ಹಾಗಾಗಿ ಖಾಲಿ ತೂತುಗಳನ್ನು ಎಣಿಸಬೇಕು. ಕಾರ್ಖಾನೆಯವರು ಸುಮ್ಮನೆ ತೂತು ಕೊರೆಯುವುದಿಲ್ಲ, ಸುಮ್ಮನೆ ಬ್ರಾಕೆಟ್ ಬೆಸೆಯುವುದಿಲ್ಲ. ಚಾಸಿಯ ಮೇಲೆ ಏನನ್ನೂ ಹಿಡಿಯದೆ ನಿಂತ ಪ್ರತಿಯೊಂದು ಬ್ರಾಕೆಟ್ಟೂ ಒಂದು ಕಾಲದಲ್ಲಿ ಏನನ್ನೋ ಹೊತ್ತಿತ್ತು. ಎಡಬಲಗಳನ್ನೂ ಹೋಲಿಸಿ ನೋಡಬೇಕು: ಬಲಗಡೆಯ ಸೈಡ್ ಡಬ್ಬಿಗೆ ಬೀಗವಿದ್ದು ಎಡಗಡೆಯದಕ್ಕೆ ತಂತಿ ಸುತ್ತಿದ್ದರೆ ಕಾರಣ ಕೇಳಿ.

ನಟ್ಟು ಬೋಲ್ಟುಗಳೂ ಬಾಯಿ ಬಿಡುತ್ತವೆ. ಜಾವಾದ ನಟ್ಟು ಬೋಲ್ಟುಗಳು ಮಿಲಿಮೀಟರ್ ಲೆಕ್ಕದವು. ಹಳೆಯ ಬುಲೆಟ್ಟಿನವು ಬ್ರಿಟಿಷ್ ಇಂಚಿನ ಲೆಕ್ಕದವು. ಜಾವಾದ ತೂತಿಗೆ ಇಂಚಿನ ಬೋಲ್ಟನ್ನು ಬಲವಂತವಾಗಿ ತುರುಕಿದರೆ ಕೂರುತ್ತದೆ, ಆದರೆ ಒಳಗಿನ ಥ್ರೆಡ್ ಕಿತ್ತುಹೋಗುತ್ತದೆ. ಮಿಲಿಮೀಟರ್ ಸ್ಪ್ಯಾನರ್ ಸೆಟ್ ಜೇಬಿನಲ್ಲಿರಲಿ. ಯಾವುದಾದರೂ ಬೋಲ್ಟಿನ ತಲೆಗೆ ಸ್ಪ್ಯಾನರ್ ಸರಿಯಾಗಿ ಕೂರದಿದ್ದರೆ ಆ ಜಾಗದಲ್ಲಿ ಹೊರಗಿನ ಸಾಮಾನು ಇದೆ ಎಂದು ತಿಳಿಯಬಹುದು.

ಒಂದೇ ಒದೆತಕ್ಕೆ ಶುರುವಾಗುತ್ತದೆ, ಚೆನ್ನಾಗಿ ಓಡುತ್ತದೆ. ಏನೂ ಕಮ್ಮಿ ಇಲ್ಲ.

ವಾಸ್ತವ: ಓಡಲು ಬೇಕಾದ ಭಾಗಗಳು ಇವೆ ಎಂದಷ್ಟೇ ಇದರ ಅರ್ಥ. ಉಳಿಯಲು ಬೇಕಾದವು ಬೇರೆ. ಹಳೆಯ ಜಾವಾದ ಹಿಂದಿನ ಚೈನು ತಗಡಿನ ಕವರಿನೊಳಗೆ ಪೂರ್ತಿ ಮುಚ್ಚಿಕೊಂಡಿರುತ್ತದೆ. ಚೈನು ಬಿಗಿಮಾಡುವಾಗ, ಟೈರು ಬಿಚ್ಚುವಾಗ ಅದು ಅಡ್ಡ ಬರುತ್ತದೆ. ಅದಕ್ಕೇ ಎಷ್ಟೋ ಮೆಕ್ಯಾನಿಕರು ಅದನ್ನು ಕಿತ್ತು ಮೂಲೆಗೆ ಎಸೆದರು. ಗಾಡಿ ಅದಿಲ್ಲದೆಯೂ ಓಡುತ್ತದೆ. ಆದರೆ ಚೈನಿಗೆ ಧೂಳು ಮೆತ್ತಿ, ಹಲ್ಲುಚಕ್ರ ಸವೆದು, ಬಹುಕಾಲ ಬಾಳಬೇಕಾದದ್ದು ಬೇಗನೆ ಮುಗಿಯುತ್ತದೆ. ಏರ್ ಫಿಲ್ಟರಿನ ಕಥೆಯೂ ಇದೇ.

ಕಾರ್ಬ್ಯುರೇಟರ್ ಯಾವುದಾದರೇನು, ಪೆಟ್ರೋಲು ಹರಿದರೆ ಸಾಕು.

ವಾಸ್ತವ: ಜಾವಾಕ್ಕೆ ಬಂದಿದ್ದು ಜಿಕೋವ್ ಕಾರ್ಬ್ಯುರೇಟರ್. ಅದು ಸವೆದಾಗ ಬೇರೆ ಗಾಡಿಯದನ್ನು ಹಾಕಿ ಓಡಿಸಿದವರು ಬಹಳ. ಅದನ್ನು ತಪ್ಪೆನ್ನಲಾರೆವು, ಬಿಡಿಭಾಗ ಸಿಗದ ಕಾಲದಲ್ಲಿ ಗಾಡಿ ಮೂಲೆ ಸೇರದಂತೆ ಉಳಿಸಿದ್ದು ಇಂಥ ಉಪಾಯಗಳೇ. ಆದರೆ ಕೊಳ್ಳುವವರು ತಿಳಿದುಕೊಳ್ಳಬೇಕಾದದ್ದಿದೆ. ಹೊರಗಿನ ಕಾರ್ಬ್ಯುರೇಟರ್ ಬಂದಾಗ ಅದರ ಜೊತೆಗಿನ ಕೇಬಲ್, ಗಾಳಿ ಒಳಬರುವ ರಬ್ಬರ್ ಕೊಳವೆ, ಕೆಲವೊಮ್ಮೆ ಏರ್ ಫಿಲ್ಟರ್ ಡಬ್ಬಿ ಕೂಡ ಹೋಗಿರುತ್ತವೆ. ಒಂದು ವಸ್ತು ಬದಲಾಗಿದೆ ಎಂದು ನಾವು ಎಣಿಸುವಲ್ಲಿ ನಿಜಕ್ಕೂ ನಾಲ್ಕು ಕಾಣೆಯಾಗಿರುತ್ತವೆ.

ಆರು ವೋಲ್ಟಿನ ವೈರಿಂಗೇ ಕೆಟ್ಟದ್ದು, ಕಿತ್ತೆಸೆದಿದ್ದೇ ಒಳ್ಳೆಯದಾಯಿತು.

ವಾಸ್ತವ: ಮಂಕು ದೀಪಕ್ಕೆ ವೋಲ್ಟೇಜನ್ನು ಬಯ್ಯುತ್ತೇವೆ, ಅಪರಾಧಿ ಸಾಮಾನ್ಯವಾಗಿ ಅರ್ಥಿಂಗ್. ಅಷ್ಟೇ ಬೆಳಕಿಗೆ ಹನ್ನೆರಡು ವೋಲ್ಟಿನ ಗಾಡಿಯಲ್ಲಿ ಹರಿಯುವ ಕರೆಂಟಿನ ಎರಡರಷ್ಟು ಆರು ವೋಲ್ಟಿನಲ್ಲಿ ಹರಿಯಬೇಕು. ಆದ್ದರಿಂದ ತುಕ್ಕು ಹಿಡಿದ ಒಂದು ಜೋಡಣೆ ಇಲ್ಲಿ ಮಾಡುವ ನಷ್ಟ ದೊಡ್ಡದು. ಪೇಂಟು ಹೊಡೆದ ಚಾಸಿಯ ಮೇಲೆ ಹಾಗೇ ಅರ್ಥ್ ವೈರು ಬಿಗಿದಿದ್ದರೆ ಯಾವ ಡೈನಮೋ ತಾನೇ ಏನು ಮಾಡೀತು? ವೈರಿಂಗ್ ಬದಲಿಸಿದ ಗಾಡಿಯಲ್ಲಿ ಡೈನಮೋ, ಕಟ್‌ಔಟ್, ಇಗ್ನಿಷನ್ ಕಾಯಿಲ್ ಎಲ್ಲಿ ಹೋದವು ಎಂದು ಕೇಳಲೇಬೇಕು. ಕೆಲವರು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿರುತ್ತಾರೆ. ಕೇಳಿದವರಿಗೆ ಕೊಡುತ್ತಾರೆ; ಕೇಳದಿದ್ದವರ ಪಾಲಿಗೆ ಅದು ಗುಜರಿಗೆ ಹೋಗುತ್ತದೆ.

ಆರ್‌ಸಿಯ ನಂಬರಿಗೆ ಎಂಜಿನ್, ಚಾಸಿ ನಂಬರ್ ತಾಳೆಯಾದರೆ ಗಾಡಿ ಒರಿಜಿನಲ್, ಹಳೆಯದಾದರೆ ವಿಂಟೇಜ್.

ವಾಸ್ತವ: ನಂಬರ್ ತಾಳೆಯಾಗಲೇಬೇಕು, ಅದರಲ್ಲಿ ರಾಜಿಯಿಲ್ಲ. ಚಾಸಿಯ ಮೇಲಿನ ಅಂಕಿಗಳನ್ನು ಉಜ್ಜಿದ್ದರೆ ಅಥವಾ ಮತ್ತೆ ಕುಟ್ಟಿದ್ದರೆ ಅಲ್ಲಿಂದ ಎದ್ದು ಬನ್ನಿ. ಆದರೆ ಆ ಎರಡು ನಂಬರುಗಳು ಎರಡು ವಸ್ತುಗಳ ಗುರುತನ್ನಷ್ಟೇ ಹೇಳುತ್ತವೆ. ಟ್ಯಾಂಕು, ಹೆಡ್‌ಲೈಟಿನ ಗೂಡು, ಚಕ್ರಗಳ ಬಗ್ಗೆ ಆರ್‌ಸಿ ಮೌನ. ಹಳೆಯ ಜಾವಾಕ್ಕೆ 16 ಇಂಚಿನ ಚಕ್ರ, ಯೆಜ್ಡಿ ರೋಡ್‌ಕಿಂಗ್‌ಗೆ 18 ಇಂಚಿನದು. ಆರ್‌ಸಿಯಲ್ಲಿ ಅರವತ್ತರ ದಶಕದ ಜಾವಾ ಎಂದಿದ್ದು ನೆಲದ ಮೇಲೆ 18 ಇಂಚಿನ ಚಕ್ರ ನಿಂತಿದ್ದರೆ, ಅದರ ಜೊತೆ ಇನ್ನೇನು ಬದಲಾಗಿದೆ ಎಂದು ಹುಡುಕಬೇಕು.

ವಿಂಟೇಜ್ ಎಂಬುದಕ್ಕೂ ಈಗ ಕಾನೂನಿನ ಅರ್ಥವಿದೆ. ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ತುಂಬಿರಬೇಕು. ಗಾಡಿ ಮೂಲರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ, ನವೀಕರಣಕ್ಕೆ 5,000. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಎಂಬತ್ತರ ದಶಕದ ರೋಡ್‌ಕಿಂಗನ್ನು ವಿಂಟೇಜ್ ಎಂದು ಹೇಳಿ ಬೆಲೆ ಏರಿಸಿದರೆ ಈ ಲೆಕ್ಕ ನೆನಪಿರಲಿ.

ಜೆಕ್ ಗುರುತಿದ್ದರೆ ಮಾತ್ರ ಅಸಲಿ, ಇಲ್ಲಿಯ ಸಾಮಾನೆಲ್ಲ ಡೂಪ್ಲಿಕೇಟ್.

ವಾಸ್ತವ: ಮೈಸೂರಿನ ಮೊದಮೊದಲ ಗಾಡಿಗಳಲ್ಲಿ ಜೆಕೊಸ್ಲೊವಾಕಿಯಾದಿಂದ ತರಿಸಿದ ಭಾಗಗಳು ಇದ್ದವು. ಬರಬರುತ್ತಾ ಅವು ಇಲ್ಲೇ ತಯಾರಾದವು. ಹೀಗಾಗಿ ಎಪ್ಪತ್ತು, ಎಂಬತ್ತರ ದಶಕದ ಗಾಡಿಗೆ ಇಲ್ಲಿಯ ಭಾಗವೇ ಮೂಲ ಭಾಗ. ಈಚೆಗೆ ಯುರೋಪಿನಿಂದ ತರಿಸಿ ಹಾಕಿದ ಹೊಚ್ಚಹೊಸ ಭಾಗ ಚೆನ್ನಾಗಿಯೇ ಕೂರಬಹುದು. ಆದರೂ ಅದು ಆ ಗಾಡಿಯ ಜೊತೆ ಮೈಸೂರಿನಿಂದ ಹೊರಟಿದ್ದಲ್ಲ. ಯಾವ ವರ್ಷದ ಗಾಡಿ ಎಂಬುದು ಮೊದಲು, ಅಸಲಿಯೋ ಅಲ್ಲವೋ ಎಂಬ ಪ್ರಶ್ನೆ ಆಮೇಲೆ.

ಈಗ ಕೊಂಡುಬಿಡೋಣ, ಇಲ್ಲದ್ದನ್ನು ನಿಧಾನಕ್ಕೆ ಹುಡುಕಿದರಾಯಿತು. ಹೇಗೂ ಹೊಸ ಜಾವಾ ಬಂದಿದೆ.

ವಾಸ್ತವ: 2018ರಲ್ಲಿ ಬಂದ ಹೊಸ ಜಾವಾ ನಾಲ್ಕು ಸ್ಟ್ರೋಕಿನ, ದ್ರವದಿಂದ ತಣಿಯುವ ಎಂಜಿನ್ನಿನದು. ಹೋಲುವುದು ಮುಖ ಮಾತ್ರ. ಅದರ ಭಾಗಗಳು ಹಳೆಯದಕ್ಕೆ ಕೂರುವುದಿಲ್ಲ. ಹಳೆಯದರ ಪಿಸ್ಟನ್ ರಿಂಗ್, ಕೇಬಲ್, ಪಾಯಿಂಟ್, ರಬ್ಬರ್ ಸಾಮಾನು ಸಿಗುತ್ತವೆ, ಚಿಂತೆಯಿಲ್ಲ. ತಗ್ಗಿಲ್ಲದ ಟ್ಯಾಂಕು, ಹೆಡ್‌ಲೈಟ್ ಗೂಡು, ಚೈನ್ ಕವರಿನ ಎರಡೂ ಹೋಳು, ಬೀಗವಿರುವ ಡಬ್ಬಿ ಮುಚ್ಚಳ, ಇವುಗಳ ಮಾತು ಬೇರೆ. ವರ್ಷಗಟ್ಟಲೆ ಕಾದವರಿದ್ದಾರೆ. ಎಂಜಿನ್ ಕೆಲಸ ಕೇಳುವ ಆದರೆ ತಗಡು ಪೂರ್ತಿ ಇರುವ ಗಾಡಿ, ಚೆನ್ನಾಗಿ ಓಡುವ ಆದರೆ ತಗಡು ಇಲ್ಲದ ಗಾಡಿ, ಇವೆರಡರಲ್ಲಿ ನಮ್ಮ ಆಯ್ಕೆ ಮೊದಲನೆಯದೇ.

ಅಪಘಾತದಲ್ಲಿ ಸವಾರ ತೀರಿಕೊಂಡ ಗಾಡಿಯ ಸಾಮಾನನ್ನೂ ಮನೆಗೆ ತರಬಾರದು, ದೋಷ ಅಂಟುತ್ತದೆ.

ವಾಸ್ತವ: ಈ ಭಯವನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ, ಅದರ ಹಿಂದೆ ಒಂದು ಮನೆಯ ದುಃಖವಿದೆ. ಜೊತೆಗೆ ಒಂದು ನಿಜವೂ ಇದೆ. ಜೋರಾಗಿ ಗುದ್ದಿದ ಗಾಡಿಯ ಚಾಸಿ ಸೊಟ್ಟಗಾಗಿರಬಹುದು. ಅಂಥ ಗಾಡಿ ಒಂದೇ ಕಡೆ ಎಳೆಯುತ್ತದೆ, ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ, ಮತ್ತೆ ಬೀಳಿಸುತ್ತದೆ. ಎರಡನೆಯ ಸಲ ಬಿದ್ದಾಗ ಜನ ದೋಷ ಎನ್ನುತ್ತಾರೆ. ಅದು ಸೊಟ್ಟ ಲೋಹದ ಕೆಲಸ. ಗುದ್ದಿದ ಗುರುತು ಮುಂಭಾಗದಲ್ಲಿರುತ್ತದೆ. ಮಡ್‌ಗಾರ್ಡ್, ಫೋರ್ಕ್, ಹೆಡ್‌ಲೈಟ್ ಗೂಡು ಮೂರೂ ಒಟ್ಟಿಗೆ ಬದಲಾಗಿದ್ದು ಹಿಂದಿನದೆಲ್ಲ ಹಳೆಯದೇ ಇದ್ದರೆ ವಿಚಾರಿಸಿ. ಎರಡೂ ಚಕ್ರಗಳ ಪಕ್ಕಕ್ಕೆ ಉದ್ದನೆಯ ದಾರವೊಂದನ್ನು ಬಿಗಿಯಾಗಿ ಹಿಡಿದು, ಎರಡೂ ಒಂದೇ ಸಾಲಿನಲ್ಲಿವೆಯೇ ನೋಡಿ. ಸಾಲು ತಪ್ಪದ ಗಾಡಿಗೆ, ಅದರ ಒಳ್ಳೆಯ ಸಾಮಾನಿಗೆ, ಯಾವ ದೋಷವೂ ಇಲ್ಲ.

ಕಾರ್ಖಾನೆಯೇ ಮುಚ್ಚಿದ ಮೇಲೆ ಯಾವುದು ಮೂಲ ಎಂದು ಹೇಳುವವರಾದರೂ ಯಾರು? ಮಾರುವವರ ಮಾತನ್ನೇ ನಂಬಬೇಕು.

ವಾಸ್ತವ: ಹೇಳುವವರು ಇದ್ದಾರೆ, ಹೇಳುವ ವಸ್ತುಗಳೂ ಇವೆ. ಹಳೆಯ ಬಿಡಿಭಾಗಗಳ ಪುಸ್ತಕದಲ್ಲಿ ಒಂದೊಂದು ವಾಷರ್ ಕೂಡ ಬಿಡಿಬಿಡಿಯಾಗಿ ಚಿತ್ರಿಸಿರುತ್ತದೆ. ಅದರ ನಕಲು ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಬಂದರೆ ಇಲ್ಲದವುಗಳ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಅದಕ್ಕಿಂತ ಒಳ್ಳೆಯ ಗುರು ಯಾರೂ ಕೈಹಾಕದ ಇನ್ನೊಂದು ಗಾಡಿ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ. ಅಂದು ಜಾವಾ, ಯೆಜ್ಡಿ ಇಟ್ಟುಕೊಂಡವರು ಒಂದೆಡೆ ಸೇರುತ್ತಾರೆ. ಜನ ಮುತ್ತುವುದು ಹೊಳೆಯುವ ಗಾಡಿಗಳನ್ನು. ನಾವು ಹುಡುಕುವುದು ಅಂಚಿನಲ್ಲಿ ನಿಂತ, ಬಣ್ಣ ಮಾಸಿದ, ಅಪ್ಪ ಕೊಂಡದ್ದನ್ನು ಮಗ ಇಟ್ಟುಕೊಂಡಿರುವಂಥ ಗಾಡಿಯನ್ನು. ಕೇಳಿಕೊಂಡರೆ ಮಾಲೀಕರು ಡಬ್ಬಿ ತೆಗೆದು, ಸೀಟು ಎತ್ತಿ ತೋರಿಸುತ್ತಾರೆ. ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಟಾರ್ಚು ಬಿಟ್ಟು, ಮೊದಲು ಎಡಗಡೆ, ಆಮೇಲೆ ಬಲಗಡೆ, ಒಂದೊಂದು ಬ್ರಾಕೆಟ್ಟನ್ನೂ ಫೋಟೊ ತೆಗೆದುಕೊಳ್ಳಿ.