ವಿನ್ಯಾಸ ಮಾದರಿಗಳು: ತಂತ್ರಾಂಶ ರಚನೆಯಲ್ಲಿ ಹೆಸರು ಮತ್ತು ಔಚಿತ್ಯ

ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ 1964ರಲ್ಲಿ ಪ್ರಕಟಿಸಿದ ‘ನೋಟ್ಸ್ ಆನ್ ದ ಸಿಂಥೆಸಿಸ್ ಆಫ್ ಫಾರ್ಮ್’ ಗ್ರಂಥದ ಅನುಬಂಧದಲ್ಲಿ 600 ಜನರಿರುವ ಒಂದು ಭಾರತೀಯ ಕೃಷಿಗ್ರಾಮದ ಪುನರ್ವಿನ್ಯಾಸವನ್ನು ವಿಶ್ಲೇಷಣೆಗೆ ಎತ್ತಿಕೊಳ್ಳಲಾಗಿದೆ. ಆ ಗ್ರಾಮದ ಅಗತ್ಯಗಳನ್ನು ಅವನು 141 ಎಂದು ಪಟ್ಟಿ ಮಾಡುತ್ತಾನೆ. ಅನಂತರ ಅವುಗಳಲ್ಲಿ ಯಾವುದು ಯಾವುದಕ್ಕೆ ತಗುಲಿಕೊಂಡಿದೆ ಎಂದು ಪರಿಶೀಲಿಸುತ್ತಾನೆ. ಒಂದನ್ನೊಂದು ಬಿಗಿಯಾಗಿ ಹಿಡಿದಿರುವ ಅಗತ್ಯಗಳನ್ನು ಒಂದೇ ಗುಂಪಿನಲ್ಲಿರಿಸಿ, ಗುಂಪು ಗುಂಪುಗಳ ನಡುವಣ ಕೊಂಡಿಗಳನ್ನು ಆದಷ್ಟು ಸಡಿಲವಾಗಿಡಬೇಕು ಎಂಬುದು ಅವನ ಮಾರ್ಗ. ಹಾಗಿಲ್ಲದಿದ್ದರೆ ಒಂದನ್ನು ಸರಿಪಡಿಸಹೊರಟವನು ಇಡೀ ಊರನ್ನೇ ಅಗೆಯಬೇಕಾಗುತ್ತದೆ. ತಂತ್ರಾಂಶ ರಚನೆಯ ಮೂಲ ಸಂಕಟವೂ ಇದೇ ಆದುದರಿಂದ, ಮುಂದೆ ಕಂಪ್ಯೂಟರ್ ವಿಜ್ಞಾನಿಗಳು ಈ ವಾಸ್ತುಶಿಲ್ಪಿಯ ಕಡೆಗೆ ತಿರುಗಿದ್ದು ಸಹಜವೇ ಆಗಿತ್ತು.

1977ರಲ್ಲಿ ಅಲೆಕ್ಸಾಂಡರ್ ತನ್ನ ಸಂಗಡಿಗರೊಂದಿಗೆ ಹೊರತಂದ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಕೃತಿಯಲ್ಲಿ 253 ಮಾದರಿಗಳಿವೆ. ಪ್ರತಿಯೊಂದಕ್ಕೂ ಒಂದು ಹೆಸರು, ಅದು ಎದುರಿಸುವ ಸಮಸ್ಯೆ, ಮತ್ತೆ ಮತ್ತೆ ಫಲಿಸಿರುವ ಒಂದು ಪರಿಹಾರದ ಆಕೃತಿ. 1987ರಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ ಈ ಕ್ರಮವನ್ನು ಸ್ಮಾಲ್‌ಟಾಕ್ ಭಾಷೆಯ ಪ್ರೋಗ್ರಾಮ್ ರಚನೆಗೆ ಅನ್ವಯಿಸಿದರು. ಇದೇ ಕನಿಂಗ್‌ಹ್ಯಾಮ್ ಮಾದರಿಗಳನ್ನು ಹಲವರು ಸೇರಿ ಬರೆದಿಡಲೆಂದು 1995ರಲ್ಲಿ ಕಟ್ಟಿದ ಸಾಧನವೇ ಮೊತ್ತಮೊದಲ ವಿಕಿ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯವೂ 2016ರಲ್ಲಿ ಬಂದ ತುಳು ವಿಕಿಪೀಡಿಯವೂ ಅದರ ದೂರದ ಸಂತಾನ. ಎರಿಕ್ ಗಾಮ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸ್ಸಿಡೀಸ್ ಎಂಬ ನಾಲ್ವರು 1994ರಲ್ಲಿ ಪ್ರಕಟಿಸಿದ ‘ಡಿಸೈನ್ ಪ್ಯಾಟರ್ನ್ಸ್’ ಗ್ರಂಥ ಈ ಕ್ಷೇತ್ರದ ಆಕರವಾಗಿ ನಿಂತಿತು. ಅದರಲ್ಲಿರುವ ಮಾದರಿಗಳು 23: ಆಬ್ಜೆಕ್ಟ್‌ಗಳನ್ನು ಸೃಷ್ಟಿಸುವ ಬಗೆಗೆ 5, ಅವುಗಳನ್ನು ಜೋಡಿಸುವ ಬಗೆಗೆ 7, ಅವು ಪರಸ್ಪರ ವ್ಯವಹರಿಸುವ ಬಗೆಗೆ 11.

ಇಲ್ಲಿ ಆಬ್ಜೆಕ್ಟ್ ಎಂದರೆ ಮಾಹಿತಿಯನ್ನೂ ಆ ಮಾಹಿತಿಯ ಮೇಲೆ ನಡೆಯಬೇಕಾದ ಕ್ರಿಯೆಗಳನ್ನೂ ಒಟ್ಟಾಗಿ ಹೊತ್ತ ಒಂದು ಘಟಕ. ಹೊರಗಿನವರು ಅದಕ್ಕೆ ಏನನ್ನು ಕೇಳಬಹುದು ಎಂಬ ಒಪ್ಪಂದವೇ ಇಂಟರ್‌ಫೇಸ್. ಒಪ್ಪಂದವನ್ನು ನಂಬು, ಒಳಗಿನ ರಚನೆಯನ್ನು ನಂಬಬೇಡ. ವಂಶಾನುಗತವಾಗಿ ಗುಣಗಳನ್ನು ಪಡೆಯುವುದಕ್ಕಿಂತ ಘಟಕಗಳನ್ನು ಜೋಡಿಸಿಕೊಳ್ಳುವುದನ್ನು ಮೇಲೆಂದು ತಿಳಿ: ಈ ಎರಡು ಸೂತ್ರಗಳು ಆ 23ರ ಬಹುಭಾಗಕ್ಕೆ ಬೆನ್ನೆಲುಬು.

ನಾಲ್ವರು ಲೇಖಕರು ತಾವು ಹೊಸದೇನನ್ನೂ ಸೃಷ್ಟಿಸಿಲ್ಲವೆಂದು ಸ್ಪಷ್ಟಪಡಿಸಿದ್ದಾರೆ. ಬೇರೆ ಬೇರೆ ವ್ಯವಸ್ಥೆಗಳಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬಳಕೆಯಾದದ್ದಕ್ಕೆ ಮಾತ್ರ ಅಲ್ಲಿ ಸ್ಥಾನ. ಈ ದೃಷ್ಟಿಯಿಂದ ಅವರ ಕೆಲಸ ಜನಪದ ಕಥೆಗಳ ಆಶಯಸೂಚಿ ಸಿದ್ಧಪಡಿಸುವವರ ಕೆಲಸಕ್ಕೆ ಹತ್ತಿರವಾದುದು. ಆದರೆ ಕನ್ನಡದ ಓದುಗರಿಗೆ ಇನ್ನೂ ಸಮೀಪದ ಹೋಲಿಕೆ ಅಲಂಕಾರಶಾಸ್ತ್ರದ್ದು. ‘ಕವಿರಾಜಮಾರ್ಗ’ದಂಥ ಗ್ರಂಥ ಕಾವ್ಯದಲ್ಲಿ ಮರುಕಳಿಸುವ ಉಕ್ತಿವಿನ್ಯಾಸಗಳಿಗೆ ಹೆಸರಿಟ್ಟು, ಲಕ್ಷಣ ಹೇಳಿ, ಲಕ್ಷ್ಯ ಕೊಟ್ಟು, ದೋಷಗಳನ್ನೂ ಎಣಿಸುತ್ತದೆ. ಹೆಸರಿದ್ದುದರಿಂದಲೇ ಇಬ್ಬರು ವಿದ್ವಾಂಸರು ಒಂದು ಪದ್ಯದ ಬಗೆಗೆ ಚುಟುಕಾಗಿ ಮಾತನಾಡಬಲ್ಲರು. ತಂತ್ರಾಂಶ ತಜ್ಞರಿಗೆ ‘ಇಲ್ಲಿ ಅಡಾಪ್ಟರ್ ಸಾಕು’ ಎಂಬ ಮಾತು ಮಾಡುವ ಉಪಕಾರವೂ ಅದೇ. ಇನ್ನು ಅಲಂಕಾರವನ್ನು ಎಲ್ಲಿ ತೊಡಿಸಬೇಕು ಎಂಬ ಪ್ರಶ್ನೆ ಕ್ಷೇಮೇಂದ್ರನಲ್ಲಿ ಔಚಿತ್ಯವೆಂಬ ಪ್ರತ್ಯೇಕ ವಿಚಾರವಾಗಿ ಬೆಳೆಯಿತು. ವಿನ್ಯಾಸ ಮಾದರಿಗಳ ಗ್ರಂಥವೂ ಪ್ರತಿ ಮಾದರಿಗೆ ಹೆಸರು, ಸಮಸ್ಯೆ, ಪರಿಹಾರ ಎಂಬ ಮೂರರ ಜೊತೆಗೆ ಪರಿಣಾಮಗಳು ಎಂಬ ನಾಲ್ಕನೆಯ ಅಂಗವನ್ನು ಇಟ್ಟಿದೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಾರಿಸಿ ಓದುವ ಅಂಗವೂ ಇದೇ. ಔಚಿತ್ಯದ ಚರ್ಚೆಯೆಲ್ಲ ಇರುವುದು ಮಾತ್ರ ಅಲ್ಲಿಯೇ.

ಹೋಲಿಕೆಯನ್ನು ಇಲ್ಲಿಗೆ ನಿಲ್ಲಿಸಿ, ಒಂದು ಕಲ್ಪಿತ ಸಂದರ್ಭವನ್ನು ಗಮನಿಸಬಹುದು. ಗಡಿಯಾಚೆಯ ಕನ್ನಡ ಪ್ರದೇಶಗಳ ದಾಖಲೆಗಳಿಗಾಗಿ ಒಂದು ಬಹುಭಾಷಾ ಸಂಗ್ರಹವನ್ನು ಕಟ್ಟಬೇಕಾಗಿದೆ ಎಂದಿಟ್ಟುಕೊಳ್ಳೋಣ: ಕಾಸರಗೋಡಿನ ಪತ್ರಗಳು, ತಾಳವಾಡಿಯ ಹಾಡುಗಳು, ಜತ್ತ ಮತ್ತು ಅಕ್ಕಲಕೋಟೆಯ ಕಡತಗಳು, ಜೊತೆಗೆ ಒಂದು ತುಲನಾತ್ಮಕ ಪದಕೋಶ.

ಪದಕೋಶದಲ್ಲಿ ಮೊದಲು ತಲೆದೋರುವುದು ಅಕಾರಾದಿಯ ತೊಡಕು. ಕನ್ನಡ ವರ್ಣಮಾಲೆಯಲ್ಲಿ ಳಕಾರ ಹಕಾರದ ಅನಂತರ ಬರುತ್ತದೆ. ತಮಿಳಿನಲ್ಲಿ ವಕಾರವಾದ ಮೇಲೆ ೞ, ಳ, ಱ, ನ ಎಂಬ ಕ್ರಮ. ಮಲಯಾಳದಲ್ಲಿ ಹಕಾರದ ಮೇಲೆ ಳ, ೞ, ಱ. ಮರಾಠಿಯಲ್ಲಿ ಳಕಾರದ ಮುಂದೆ ಕ್ಷ, ಜ್ಞ ಎಂಬ ಸಂಯುಕ್ತಾಕ್ಷರಗಳನ್ನು ವರ್ಣಗಳಂತೆಯೇ ಎಣಿಸುತ್ತಾರೆ. ಕನ್ನಡದ ‘ಕೋಳಿ’ ತಮಿಳು, ಮಲಯಾಳಗಳಲ್ಲಿ ‘ಕೋೞಿ’ಯಾಗಿರುವಾಗ ಒಂದೇ ಸಾಲಿನ ಪದಗಳು ಭಾಷೆಗೊಂದು ಸ್ಥಾನವನ್ನು ಕೇಳುತ್ತವೆ. ಅವಸರದ ಪ್ರೋಗ್ರಾಮರ್ ‘ಭಾಷೆ ಕನ್ನಡವಾದರೆ ಹೀಗೆ, ತಮಿಳಾದರೆ ಹಾಗೆ’ ಎಂಬ ಷರತ್ತನ್ನು ವಿಂಗಡಣೆಯಲ್ಲಿ ಬರೆಯುತ್ತಾನೆ. ಅದನ್ನೇ ಹುಡುಕಾಟದಲ್ಲಿ, ಪದಸೂಚಿಯಲ್ಲಿ, ಮುದ್ರಣದಲ್ಲಿ ಮತ್ತೆ ಬರೆಯುತ್ತಾನೆ. ನಾಳೆ ಆದವಾನಿ ಕಡೆಯ ಸಾಮಗ್ರಿ ಬಂದು ತೆಲುಗು ಸೇರಿದರೆ ನಾಲ್ಕೂ ಕಡೆ ಬಿಚ್ಚಬೇಕು. ಒಂದು ಕಡೆ ಮರೆತರೆ ಸೂಚಿಯಲ್ಲಿರುವ ಪದ ಹುಡುಕಾಟದಲ್ಲಿ ಸಿಗುವುದಿಲ್ಲ.

ಇದಕ್ಕೆ ಒದಗುವುದು ಸ್ಟ್ರಾಟಜಿ ಎಂಬ ಮಾದರಿ. ಅಕಾರಾದಿಯ ಕ್ರಮವನ್ನೇ ಒಂದು ಸ್ವತಂತ್ರ ಆಬ್ಜೆಕ್ಟ್ ಆಗಿ ಹೊರತೆಗೆಯಬೇಕು. ‘ಈ ಎರಡು ಪದಗಳಲ್ಲಿ ಮೊದಲು ಯಾವುದು?’ ಎಂಬ ಒಂದೇ ಪ್ರಶ್ನೆಗೆ ಅದು ಉತ್ತರಿಸುತ್ತದೆ. ವಿಂಗಡಿಸುವ ಭಾಗಕ್ಕೆ ಭಾಷೆಯ ಹೆಸರೂ ತಿಳಿದಿರಬೇಕಿಲ್ಲ. ಕೈಗೆ ಕೊಟ್ಟ ಕ್ರಮವನ್ನು ಪ್ರಶ್ನಿಸಿದರೆ ಸಾಕು. ತೆಲುಗು ಸೇರಿದಾಗ ಬರೆಯಬೇಕಾದುದು ಒಂದು ಹೊಸ ಕ್ರಮವನ್ನಷ್ಟೇ. ಜಾವಾದಲ್ಲಿ ವಿಂಗಡಣೆಗೆ ಕೊಡುವ ಕಂಪೇರೇಟರ್ ಈ ಮಾದರಿಯೇ. ಆದರೆ ಇದು ಹಲವು ಕ್ರಮಗಳು ನಿಜವಾಗಿಯೂ ಇರುವಲ್ಲಿ ಮಾತ್ರ ಉಚಿತ. ಕನ್ನಡ–ಕನ್ನಡ ನಿಘಂಟಿಗೆ ಒಂದೇ ಕ್ರಮ ಸಾಕಾಗಿರುವಾಗ ‘ಮುಂದೆ ಬೇಕಾದೀತು’ ಎಂದು ಸ್ಟ್ರಾಟಜಿ ಹೂಡುವುದು, ಬಾರದ ನೆಂಟರಿಗೆ ಕೋಣೆ ಕಟ್ಟಿಸಿದಂತೆ. ಓದುವವರಿಗೆ ದಾಟಬೇಕಾದ ಒಂದು ಹೊಸ್ತಿಲು ಹೆಚ್ಚಿತು, ಅಷ್ಟೆ.

ಸಂಗ್ರಹದ ಎರಡನೆಯ ತೊಡಕು ಹಳೆಯ ಬೆರಳಚ್ಚಿನದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳಲ್ಲಿ ದಾಖಲಾಗಿರುವುದು ಅಕ್ಷರಗಳಲ್ಲ, ಅಕ್ಷರದ ಚೂರುಗಳು. ಫಾಂಟ್ ಇಲ್ಲದ ಯಂತ್ರದಲ್ಲಿ ಅವು ರೋಮನ್ ಲಿಪಿಯ ಅರ್ಥಹೀನ ಸಾಲುಗಳಾಗಿ ಕಾಣುತ್ತವೆ. ಒಂದಕ್ಕೊಂದು ಬದಲಿಸಿ ಹೋದರೂ ಕೆಲಸವಾಗದು: ‘ಅರ್ಕ’ ಎಂಬಲ್ಲಿ ಯೂನಿಕೋಡ್ ಉಚ್ಚಾರಣೆಯಂತೆ ರೇಫವನ್ನು ಮೊದಲಿಡುತ್ತದೆ, ಹಳೆಯ ಫಾಂಟಿನ ಕಡತ ಕಣ್ಣಿಗೆ ಕಾಣುವಂತೆ ಅರ್ಕಾವೊತ್ತನ್ನು ಕಕಾರದ ಅನಂತರ ಇಡುತ್ತದೆ. ಈ ವಿವರಗಳನ್ನೆಲ್ಲ ಒಂದು ಅಡಾಪ್ಟರ್‌ನೊಳಗೆ ಬಚ್ಚಿಡುವುದು ವಿವೇಕ. ಅದು ಒಳಗೆ ಹಳೆಯ ಕಡತದೊಂದಿಗೆ ಅದರ ಭಾಷೆಯಲ್ಲಿ ವ್ಯವಹರಿಸಿ, ಹೊರಗೆ ಉಳಿದೆಲ್ಲ ಪಠ್ಯಗಳಂತೆಯೇ ತೋರುತ್ತದೆ. ದ್ವಿಭಾಷಿಕ ಊರುಗಳಲ್ಲಿ ಅರ್ಜಿ ಬರೆದುಕೊಡುವವರ ಕೆಲಸವೂ ಹೆಚ್ಚುಕಡಿಮೆ ಇದೇ. ಅಡಾಪ್ಟರ್ ಗಡಿಯಲ್ಲೇ ನಿಲ್ಲಬೇಕು. ಹಳೆಯ ಫಾಂಟಿನ ಜ್ಞಾನ ವಿಂಗಡಣೆಯ ಭಾಗಕ್ಕೋ ಮುದ್ರಣದ ಭಾಗಕ್ಕೋ ನುಸುಳಿದರೆ ಮಾದರಿ ಹೆಸರಿಗಷ್ಟೇ ಉಳಿಯುತ್ತದೆ.

ಇಟರೇಟರ್ ಎಂಬುದು ಒಂದು ಸಂಗ್ರಹದ ಒಳರಚನೆಯನ್ನು ಬಯಲುಮಾಡದೆ ಅದರ ಅಂಶಗಳನ್ನು ಒಂದೊಂದಾಗಿ ನೀಡುವ ಮಾದರಿ. ಇಂದು ಬಹುತೇಕ ಭಾಷೆಗಳಲ್ಲಿ ಅದು ಅಂತರ್ಗತವಾಗಿದೆ. ಆದರೂ ಭಾರತೀಯ ಲಿಪಿಗಳಲ್ಲಿ ಅದರ ಮರ್ಮ ಚೆನ್ನಾಗಿ ಹೊಳೆಯುತ್ತದೆ. ‘ಕ್ಷೇತ್ರ’ ಎಂಬ ಪದದಲ್ಲಿ ಯೂನಿಕೋಡ್ ಸಂಕೇತಗಳು 7, ಅಕ್ಷರಗಳು 2, ಛಂದಸ್ಸಿನ ಮಾತ್ರೆಗಳು 3. ಒಂದೇ ಪಠ್ಯದ ಮೇಲೆ ಮೂರು ನಡಿಗೆಗಳು. ಮೂರಕ್ಕೂ ಬೇರೆ ಬೇರೆ ಇಟರೇಟರ್. ಇಂಗ್ಲಿಷನ್ನು ಮಾತ್ರ ಮನಸ್ಸಿನಲ್ಲಿಟ್ಟು ಸಂಕೇತವೇ ಅಕ್ಷರವೆಂದು ಬಗೆದ ತಂತ್ರಾಂಶ ಪದವನ್ನು ಒತ್ತಕ್ಷರದ ನಡುವೆ ಮುರಿಯುವುದು ಈ ಭೇದವನ್ನು ಕಾಣದೆಯೇ.

ಕಾಂಪೊಸಿಟ್ ಮಾದರಿಯಲ್ಲಿ ಅಂಗವೂ ಅಂಗಿಯೂ ಒಂದೇ ಒಪ್ಪಂದಕ್ಕೆ ಒಳಪಡುತ್ತವೆ. ಸಂಪುಟದೊಳಗೆ ಕಡತ, ಕಡತದೊಳಗೆ ಪತ್ರ, ಪತ್ರದೊಳಗೆ ಪುಟ. ‘ನಿನ್ನಲ್ಲಿ ಎಷ್ಟು ಪುಟಗಳಿವೆ?’ ಎಂಬ ಪ್ರಶ್ನೆಯನ್ನು ಯಾರಿಗೆ ಕೇಳಿದರೂ ಉತ್ತರ ಬರುತ್ತದೆ. ಸಂಪುಟ ತನ್ನ ಕಡತಗಳನ್ನು ಕೇಳಿ ಕೂಡಿಸುತ್ತದೆ. ಒಂದರೊಳಗೊಂದು ಹುದುಗಿದ ರಚನೆ ಎಲ್ಲಿದೆಯೋ ಅಲ್ಲಿ ಇದು ಸಹಜ. ಇದರ ಜೊತೆಗೆ ಹೆಸರಾಗುವ ವಿಸಿಟರ್ ಮಾದರಿಯ ಪ್ರಕೃತಿ ಬೇರೆ. ಪುಟ, ಪತ್ರ, ಹಾಡು ಎಂಬ ಬಗೆಗಳು ನಿಶ್ಚಿತವಾಗಿದ್ದು, ಅವುಗಳ ಮೇಲೆ ನಡೆಸಬೇಕಾದ ಕೆಲಸಗಳು ಬೆಳೆಯುತ್ತ ಹೋದರೆ—ಇಂದು ಮುದ್ರಣ, ನಾಳೆ ಲಿಪ್ಯಂತರ, ಮರುದಿನ ಪದಗಣನೆ—ಪ್ರತಿ ಕೆಲಸವನ್ನೂ ಒಂದೊಂದು ವಿಸಿಟರ್ ಆಗಿ ಹೊರಗಿನಿಂದ ಸೇರಿಸಬಹುದು. ಬಗೆಗಳೇ ಬೆಳೆಯುತ್ತಿದ್ದರೆ, ಉದಾಹರಣೆಗೆ ಶಾಸನವೊಂದು ಹೊಸದಾಗಿ ಸೇರಿದರೆ, ಇರುವ ಎಲ್ಲ ವಿಸಿಟರ್‌ಗಳನ್ನೂ ತಿದ್ದಬೇಕಾಗುತ್ತದೆ. ಬಗೆ ಮತ್ತು ಕೆಲಸ ಎರಡೂ ಏಕಕಾಲಕ್ಕೆ ಸಲೀಸಾಗಿ ಬೆಳೆಯುವಂತೆ ಮಾಡುವುದು ಹೇಗೆಂಬ ಈ ಬಿಕ್ಕಟ್ಟಿಗೆ ಫಿಲಿಪ್ ವಾಡ್ಲರ್ 1998ರಲ್ಲಿ ‘ಎಕ್ಸ್‌ಪ್ರೆಶನ್ ಪ್ರಾಬ್ಲಮ್’ ಎಂದು ಹೆಸರಿಟ್ಟರು. ಮಾದರಿಯನ್ನು ಆರಿಸುವವರು ಮೊದಲು ಕೇಳಿಕೊಳ್ಳಬೇಕಾದುದು, ಬದಲಾವಣೆ ಯಾವ ದಿಕ್ಕಿನಿಂದ ಬರಲಿದೆ ಎಂಬುದನ್ನು.

ಅಬ್ಸರ್ವರ್ ಬಗೆಗೆ ಎರಡು ಮಾತು ಸಾಕು. ದಾಖಲೆಯೊಂದು ತಿದ್ದುಪಡಿಯಾದೊಡನೆ ಸೂಚಿ, ನಕ್ಷೆ, ಹುಡುಕಾಟದ ಪುಟ ಎಲ್ಲಕ್ಕೂ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಸುದ್ದಿ ಪಡೆದವರು ಮತ್ತೆ ತಿದ್ದಲು ತೊಡಗಿದರೆ ಸುದ್ದಿಯ ಸರಪಳಿ ಎಲ್ಲಿ ನಿಲ್ಲುವುದೆಂದು ಹೇಳಲಾಗದು.

ಮಾದರಿಗಳೆಲ್ಲ ಸನಾತನವಲ್ಲ ಎಂಬುದನ್ನೂ ಗಮನಿಸಬೇಕು. 23ರಲ್ಲಿ 16 ಮಾದರಿಗಳು ಲಿಸ್ಪ್, ಡಿಲನ್‌ನಂಥ ಭಾಷೆಗಳಲ್ಲಿ ಕಾಣದಾಗುತ್ತವೆ ಅಥವಾ ಬಹಳ ಸರಳವಾಗುತ್ತವೆ ಎಂದು ಪೀಟರ್ ನಾರ್ವಿಗ್ 1996ರಲ್ಲಿ ತೋರಿಸಿದರು. ಫಂಕ್ಷನ್ನನ್ನೇ ಕೈಯಿಂದ ಕೈಗೆ ದಾಟಿಸಬಹುದಾದ ಭಾಷೆಯಲ್ಲಿ ಸ್ಟ್ರಾಟಜಿಗೆ ಪ್ರತ್ಯೇಕ ಕ್ಲಾಸ್ ಬೇಕಿಲ್ಲ. ಒಂದು ಭಾಷೆಯಲ್ಲಿ ಸುತ್ತಿ ಬಳಸಿ ಹೇಳಬೇಕಾದುದನ್ನು ಇನ್ನೊಂದು ಭಾಷೆ ಒಂದು ಪ್ರತ್ಯಯದಲ್ಲಿ ಮುಗಿಸುವುದನ್ನು ಬಲ್ಲ ದ್ವಿಭಾಷಿಕರಿಗೆ ಇದು ಅಚ್ಚರಿಯಲ್ಲ. ಗ್ರಂಥದ ಉದಾಹರಣೆಗಳು ಸಿ ಪ್ಲಸ್ ಪ್ಲಸ್ ಮತ್ತು ಸ್ಮಾಲ್‌ಟಾಕ್‌ನವು. ಅವುಗಳನ್ನು ಪೈಥಾನ್‌ಗೆ ಅಕ್ಷರಶಃ ಇಳಿಸುವುದು ಕೆಟ್ಟ ಅನುವಾದ.

ಕೊನೆಯದಾಗಿ ಸಿಂಗಲ್ಟನ್. ಇಡೀ ಪ್ರೋಗ್ರಾಮಿನಲ್ಲಿ ಒಂದು ವಸ್ತು ಒಂದೇ ಇರಬೇಕು, ಎಲ್ಲರಿಗೂ ಎಲ್ಲಿಂದಲೂ ಅದು ದೊರೆಯಬೇಕು ಎಂಬುದು ಇದರ ಲಕ್ಷಣ. ಕಲಿಯಲು ಅತಿ ಸುಲಭವಾದುದರಿಂದ ಅತಿ ಹೆಚ್ಚು ದುರ್ಬಳಕೆಯಾದ ಮಾದರಿಯೂ ಹೌದು. ಗಾಮ ಅವರೇ 2009ರಲ್ಲಿ ಗ್ರಂಥವನ್ನು ಪರಿಷ್ಕರಿಸುವುದಾದರೆ ಇದನ್ನು ಕೈಬಿಡುವ ಒಲವು ವ್ಯಕ್ತಪಡಿಸಿದ್ದರು. ಗಡಿನಾಡಿನ ಸಂಗ್ರಹಗಳಿಗೆ ಇದರಿಂದಾಗುವ ಹಾನಿ ವಿಶಿಷ್ಟವಾದುದು. ‘ಪ್ರಸ್ತುತ ಭಾಷೆ’ ಎಂಬುದನ್ನು ಸಿಂಗಲ್ಟನ್ ಮಾಡಿದ ತಂತ್ರಾಂಶದಲ್ಲಿ ಒಂದು ಕ್ಷಣಕ್ಕೆ ಒಂದೇ ಭಾಷೆಗೆ ಅಸ್ತಿತ್ವ. ರಾಜ್ಯದ ಅಧಿಕೃತ ಭಾಷೆಯನ್ನು ಅಲ್ಲಿ ನೆಲೆಗೊಳಿಸಿದರೆ, ಮಲಯಾಳದ ಮುದ್ರಿತ ನಮೂನೆಯ ಮೇಲೆ ಕನ್ನಡದಲ್ಲಿ ಬರೆದ ಅರ್ಜಿ, ಮರಾಠಿ ತಲೆಬರಹದ ಕೆಳಗೆ ಕನ್ನಡ ಲೆಕ್ಕವಿರುವ ಖಾತೆಪುಸ್ತಕ ಯಾವುದೋ ಒಂದು ಭಾಷೆಯ ಹೆಸರಿನಲ್ಲಿ ದಾಖಲಾಗುತ್ತದೆ. ಮತ್ತೊಂದು ಭಾಷೆಯಲ್ಲಿ ಹುಡುಕಿದವರಿಗೆ ಅದು ಇಲ್ಲವೇ ಇಲ್ಲ. ಊರಿನ ಹೆಸರಿಗೂ ಇದೇ ಗತಿ: ಆದೋನಿ ಉಳಿದು ಆದವಾನಿ ಅಳಿಯುತ್ತದೆ. ಯಾರೂ ಉದ್ದೇಶಪೂರ್ವಕವಾಗಿ ಅಳಿಸಿದ್ದಲ್ಲ, ವಿನ್ಯಾಸದ ಒಂದು ಅನುಕೂಲ ಮಾಡಿದ ಕೆಲಸ.

ಪರಿಹಾರಕ್ಕೆ ಹೊಸ ಮಾದರಿಯೇನೂ ಬೇಡ. ಭಾಷೆ ಇಡೀ ಪ್ರೋಗ್ರಾಮಿನ ಗುಣವಲ್ಲ, ಪಠ್ಯದ ಪ್ರತಿ ತುಣುಕಿನ ಗುಣ ಎಂದು ಒಪ್ಪಬೇಕು. ವೆಬ್ ಪುಟಗಳ ಎಚ್‌ಟಿಎಮ್‌ಎಲ್‌ನಲ್ಲಿ ಯಾವುದೇ ಅಂಶಕ್ಕೆ ಪ್ರತ್ಯೇಕವಾಗಿ ಭಾಷೆಯನ್ನು ನಮೂದಿಸಲು ಅವಕಾಶವಿರುವುದು ಈ ಕಾರಣಕ್ಕೇ. ಆಗ ಪ್ರತಿ ತುಣುಕೂ ತನ್ನ ಅಕಾರಾದಿಯನ್ನು ತಾನೇ ಸೂಚಿಸುತ್ತದೆ. ಊರಿಗೆ ಒಂದು ಹೆಸರಿನ ಬದಲು ಹೆಸರುಗಳ ಪಟ್ಟಿ, ಪ್ರತಿ ಹೆಸರಿಗೂ ಭಾಷೆ ಮತ್ತು ಆಕರ. ಈ ನಿರ್ಧಾರವನ್ನು ಮೊದಲ ದಿನವೇ ಕೈಗೊಂಡರೆ ಕೆಲವು ಸಾಲುಗಳ ಕೆಲಸ. ಸಾವಿರಾರು ದಾಖಲೆಗಳು ಒಳಸೇರಿದ ಮೇಲೆ ಸಿಂಗಲ್ಟನ್ನನ್ನು ಕಿತ್ತೆಸೆಯಹೊರಟರೆ ಅದನ್ನು ಕರೆಯುವ ಪ್ರತಿ ಭಾಗವನ್ನೂ ಹುಡುಕಿ ತಿದ್ದಬೇಕು, ಪ್ರತಿ ದಾಖಲೆಯನ್ನೂ ಮತ್ತೆ ತೆರೆದು, ಎರಡೂ ಭಾಷೆ ಬಲ್ಲವರನ್ನು ಕೂರಿಸಿ ಓದಿಸಬೇಕು.