ಇಂಟರ್ನ್‌ಶಿಪ್: ಕಲಿಕೆಯೋ, ಬಿಟ್ಟಿ ದುಡಿಮೆಯೋ?

ಗುಂಡ್ಲುಪೇಟೆ: ಎಂಜಿನಿಯರಿಂಗ್ ಓದುವ ಇಲ್ಲಿನ ವಿದ್ಯಾರ್ಥಿಗೆ ಇಂಟರ್ನ್‌ಶಿಪ್ ಎಂದರೆ ಬಹುಮಟ್ಟಿಗೆ ಮೈಸೂರು ಅಥವಾ ಸುಮಾರು 200 ಕಿ.ಮೀ. ದೂರದ ಬೆಂಗಳೂರು. ವಿಟಿಯು ಪಠ್ಯಕ್ರಮದಲ್ಲಿ ಅದು ಕಡ್ಡಾಯ. ಆದರೆ ಕಂಪೆನಿ ಭತ್ಯೆ ನೀಡಲೇಬೇಕೆಂಬ ಕಾನೂನು ಇಲ್ಲ.

ವೈದ್ಯ ವಿದ್ಯಾರ್ಥಿಗಳ ಸ್ಥಿತಿ ಬೇರೆ. ಚಾಮರಾಜನಗರದ ವೈದ್ಯಕೀಯ ಕಾಲೇಜೂ ಸೇರಿದಂತೆ ಎಲ್ಲೆಡೆ, ಒಂದು ವರ್ಷದ ಇಂಟರ್ನ್‌ಶಿಪ್ ಅವಧಿಗೆ ಸ್ಟೈಪೆಂಡ್ ನೀಡಬೇಕೆಂದು 2021ರ ರಾಷ್ಟ್ರೀಯ ನಿಯಮಾವಳಿ ಹೇಳುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ಮಾಡಿಕೊಂಡ ಅಪ್ರೆಂಟಿಸ್‌ಗಳಿಗೂ ಈ ರಕ್ಷಣೆ ಉಂಟು. ಸಾಮಾನ್ಯ ಇಂಟರ್ನ್ ಮಾತ್ರ ಇದರ ಹೊರಗೆ.

ಫ್ರಾನ್ಸ್‌ನಲ್ಲಿ ಎರಡು ತಿಂಗಳು ಮೀರಿದ ಇಂಟರ್ನ್‌ಶಿಪ್‌ಗೆ ಭತ್ಯೆ ಕಡ್ಡಾಯ. ಅಮೆರಿಕದಲ್ಲಿ ಹೆಚ್ಚಿನ ಲಾಭ ಸಂಸ್ಥೆಗೋ ವಿದ್ಯಾರ್ಥಿಗೋ ಎಂಬುದನ್ನು ನ್ಯಾಯಾಲಯ ಪರಿಶೀಲಿಸುತ್ತದೆ. ಭಾರತದಲ್ಲಿ 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಮಾಸಿಕ 5,000 ರೂ. ನಿಗದಿಪಡಿಸಿತಾದರೂ ಪೂರ್ಣಾವಧಿ ವಿದ್ಯಾರ್ಥಿಗಳನ್ನು ಹೊರಗಿಟ್ಟಿತು.

ಕಲಿಸುವುದಕ್ಕೂ ಸಮಯ, ಹಣ ತಗಲುತ್ತದೆ ಎಂಬ ಕಂಪೆನಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಬೆಂಗಳೂರಿನ ವಿದ್ಯಾರ್ಥಿ ಮನೆಯಲ್ಲೇ ಉಂಡು ಕೆಲಸಕ್ಕೆ ಹೋಗಬಲ್ಲ. ಗುಂಡ್ಲುಪೇಟೆಯ ರೈತನ ಮಗಳು ಪಿ.ಜಿ. ಬಾಡಿಗೆ, ಊಟ, ಬಸ್ ಖರ್ಚು ಭರಿಸಬೇಕು. ಭತ್ಯೆಯಿಲ್ಲದ ಕಡೆ ಆಯ್ಕೆಯಾಗುವುದು ಪ್ರತಿಭೆಯಲ್ಲ, ತಂದೆಯ ಜೇಬು. ಕಡ್ಡಾಯ ಮಾಡಿದವರೇ ಕನಿಷ್ಠ ಊಟ-ವಸತಿಯ ಖರ್ಚನ್ನಾದರೂ ಯಾರು ಕೊಡಬೇಕೆಂದು ನಿರ್ಧರಿಸುವುದು ನ್ಯಾಯ.